ಸತ್ತ ನೀರಿನ ಪಟ್ಟಣ

ಊರಿಗೆ ಹೆಸರಿಡುವಾಗ ಜನರು ಸಾಮಾನ್ಯವಾಗಿ ಮಂಗಳಕರವಾದ ಪದವನ್ನೇ ಹುಡುಕುವುದು ವಾಡಿಕೆ. ಆದರೆ ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಸಮೀಪದಲ್ಲಿ, ‘ಸತ್ತ ನೀರು’ ಎಂಬ ಹೆಸರನ್ನು ಹೊತ್ತ ಪುಟ್ಟ ಪಟ್ಟಣವೊಂದುಂಟು. ಅದೇ ಏಗ್‌ಮೋರ್ತ್. ಹರಿಯದೆ ನಿಂತ ನೀರಿನ ಸ್ಥಳವೆಂಬುದು ಆ ಹೆಸರಿನ ಭಾವ. ರೋನ್ ನದಿಯು ಕವಲೊಡೆದು ಕಡಲನ್ನು ಸೇರುವ ಕಾಮಾರ್ಗ್ ಪ್ರದೇಶದ ಪಶ್ಚಿಮದ ಅಂಚಿನಲ್ಲಿ ಈ ಊರು ಇದೆ. ಸುತ್ತಲೂ ಜೌಗು, ಮರಳುದಿಣ್ಣೆ, ಉಪ್ಪುನೀರಿನ ಕೊಳಗಳು. ಕಣ್ಣು ಹಾಯುವಷ್ಟು ದೂರವೂ ಸಮತಟ್ಟಾದ ಆ ಬಯಲಿನ ನಡುವೆ ಆಯತಾಕಾರದ ಕಲ್ಲುಕೋಟೆಯೊಂದು ಒಮ್ಮೆಗೇ ಮೇಲೆದ್ದು ನಿಂತಿರುವುದನ್ನು ಕಂಡ ಪ್ರವಾಸಿಗಳಿಗೆ, ಇಂಥ ಜಾಗದಲ್ಲಿ ಇದನ್ನು ಕಟ್ಟಿದವರಾರು, ಏಕೆ, ಎಂಬ ಪ್ರಶ್ನೆ ಮೂಡದೆ ಇರದು.

ರಾಜನಿಗೊಂದು ಬಂದರು

ಕಟ್ಟಿಸಿದವನು ಒಂಬತ್ತನೆಯ ಲೂಯಿ. ಹದಿಮೂರನೆಯ ಶತಮಾನದ ನಡುಗಾಲದಲ್ಲಿ ಫ್ರಾನ್ಸಿನ ಅರಸನಿಗೆ ಮೆಡಿಟರೇನಿಯನ್ ತೀರದಲ್ಲಿ ತನ್ನದೆನ್ನುವ ಬಂದರು ಇರಲಿಲ್ಲ. ಪ್ರಸಿದ್ಧವಾದ ಮಾರ್ಸೇಲ್ ಬಂದರು ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಜೆರೂಸಲೇಮನ್ನು ಮರಳಿ ಪಡೆಯಲು ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೊರಡುವ ಸಂಕಲ್ಪ ಮಾಡಿದ್ದ ಲೂಯಿಗೆ ಪರರ ಬಂದರಿನಿಂದ ಹಡಗನ್ನೇರುವುದು ಒಪ್ಪಿಗೆಯಾಗಲಿಲ್ಲ. ಆದುದರಿಂದ ಸಾಲ್ಮೋದಿಯ ಮಠದ ಸನ್ಯಾಸಿಗಳಿಂದ ಈ ಜೌಗುನೆಲವನ್ನು ಪಡೆದು, ಅಲ್ಲಿ ಗುಂಡಾದ ದೊಡ್ಡ ಗೋಪುರವೊಂದನ್ನು ಎಬ್ಬಿಸಿದನು. ಸೊಳ್ಳೆಯೂ ಜ್ವರವೂ ತುಂಬಿದ ಸ್ಥಳಕ್ಕೆ ಬಂದು ನೆಲೆಸುವವರಾರು? 1246ರಲ್ಲಿ ಅರಸನು ಹೊರಡಿಸಿದ ಸನ್ನದಿನಲ್ಲಿ, ಇಲ್ಲಿ ಒಕ್ಕಲಾಗುವವರಿಗೆ ತೆರಿಗೆಯ ವಿನಾಯಿತಿ ಮೊದಲಾದ ಸವಲತ್ತುಗಳನ್ನು ಘೋಷಿಸಿದನು.

1248ರ ಆಗಸ್ಟಿನಲ್ಲಿ ರಾಜನು ರಾಣಿ ಮಾರ್ಗರೀತಳೊಡನೆ ಇಲ್ಲಿಂದ ಹಡಗೇರಿದನು. ಈಜಿಪ್ಟಿನಲ್ಲಿ ಆತನ ಸೇನೆ ಸೋತು, ಆತನೇ ಸೆರೆ ಸಿಕ್ಕಿದನು. ಅದೇ ಸಮಯದಲ್ಲಿ ರಾಣಿಯು ದಮಿಯೆಟ್ಟ ನಗರದಲ್ಲಿ ಗಂಡುಮಗುವೊಂದನ್ನು ಹೆತ್ತಳು. ಆ ದುಃಖದ ದಿನಗಳ ಗುರುತಾಗಿ ಮಗುವಿಗೆ ಜಾನ್ ತ್ರಿಸ್ತಾಂ ಎಂದು ಹೆಸರಾಯಿತು. ದಮಿಯೆಟ್ಟವನ್ನೂ ಅಪಾರವಾದ ಹಣವನ್ನೂ ತೆತ್ತ ಮೇಲೆ ರಾಜನಿಗೆ ಬಿಡುಗಡೆ ದೊರೆಯಿತು. ಇಷ್ಟಾದರೂ ಲೂಯಿಯ ಹಂಬಲ ಅಡಗಲಿಲ್ಲ. 1270ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ ಇದೇ ಊರಿನಿಂದ ಹೊರಟವನು ಟ್ಯೂನಿಸಿನ ಬಳಿ ಬೀಡುಬಿಟ್ಟಾಗ ವ್ಯಾಧಿಗೆ ತುತ್ತಾದನು. ಜಾನ್ ತ್ರಿಸ್ತಾಂ ತಂದೆಗಿಂತ ಕೆಲವೇ ವಾರಗಳ ಮೊದಲು ಅಲ್ಲಿಯೇ ತೀರಿಕೊಂಡನು. 1297ರಲ್ಲಿ ಪೋಪರು ಲೂಯಿಯನ್ನು ಸಂತನೆಂದು ಸಾರಿದರು.

ಇಂದು ಕಾಣುವ ಕೋಟೆಯನ್ನು ಸಂತನು ಕಣ್ಣಾರೆ ಕಾಣಲೇ ಇಲ್ಲ. ಅದನ್ನು ಆತನ ಮಗನು ಪ್ರಾರಂಭಿಸಿದನು. ಮೊಮ್ಮಗನ ಕಾಲಕ್ಕೆ ಅದು ಪೂರ್ಣಗೊಂಡಿತು. ಸುತ್ತಳತೆ ಸುಮಾರು ಒಂದು ಮೈಲಿ. ಒಳಗಿನ ಬೀದಿಗಳು ಪಗಡೆಯ ಹಾಸಿನಂತೆ ನೇರವಾಗಿ ಒಂದನ್ನೊಂದು ಕತ್ತರಿಸುತ್ತವೆ.

ಕಡಲು ಹಿಂದೆ ಸರಿಯಿತೇ?

ಸಂತ ಲೂಯಿಯ ಕಾಲದಲ್ಲಿ ಅಲೆಗಳು ಕೋಟೆಯ ಗೋಡೆಗೇ ಬಡಿಯುತ್ತಿದ್ದವು, ಅನಂತರ ಸಮುದ್ರವು ಹಿಂದೆ ಸರಿಯಿತು ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದು ನಿಜವಲ್ಲ. ಆಗಲೂ ಕಡಲು ಊರಿನಿಂದ ಕೆಲವು ಮೈಲಿ ದೂರದಲ್ಲಿಯೇ ಇತ್ತು. ಯಾತ್ರಿಕರೂ ಸರಕೂ ಚಿಕ್ಕ ದೋಣಿಗಳಲ್ಲಿ ಕೊಳಗಳನ್ನೂ ಕಾಲುವೆಗಳನ್ನೂ ದಾಟಿ, ಆಳವಾದ ನೀರಿನಲ್ಲಿ ನಿಂತ ಹಡಗುಗಳನ್ನು ಸೇರಬೇಕಾಗುತ್ತಿತ್ತು. ಬಂದರಿಗೆ ಶತ್ರುವಾದುದು ರೋನ್ ನದಿಯು ಹೊತ್ತು ತರುತ್ತಿದ್ದ ಹೂಳು. ಎಷ್ಟು ಬಾರಿ ತೋಡಿದರೂ ಕಾಲುವೆಗಳು ಮತ್ತೆ ಮತ್ತೆ ತುಂಬಿಕೊಂಡವು. 1481ರಲ್ಲಿ ಪ್ರೊವಾನ್ಸ್ ಪ್ರಾಂತವು ಫ್ರಾನ್ಸಿನ ಅರಸನಿಗೆ ಸೇರಿ, ಮಾರ್ಸೇಲ್ ಬಂದರು ಕೈಗೆ ಬಂದ ಮೇಲೆ, ಹೂಳಿನೊಡನೆ ಹೋರಾಡುವ ಅಗತ್ಯವೂ ತಪ್ಪಿತು. ವೈಭವ ಅಳಿದ ಊರು ಬೆಳೆಯಲಿಲ್ಲ; ಬೆಳೆಯದ ಕಾರಣದಿಂದಲೇ ಕೋಟೆಯನ್ನು ಒಡೆಯುವ ಪ್ರಮೇಯವೂ ಬರಲಿಲ್ಲ. ಬಡತನವೇ ಅದನ್ನು ಕಾಪಾಡಿತೆಂದರೆ ತಪ್ಪಾಗದು.

ಗೋಪುರದ ಹೆಂಗಸರು

ಲೂಯಿಯು ಕಟ್ಟಿಸಿದ ಗುಂಡುಗೋಪುರದ ಗೋಡೆಯ ದಪ್ಪ ಸುಮಾರು ಇಪ್ಪತ್ತು ಅಡಿ. ಅದರ ಹೆಸರು ಕಾನ್‌ಸ್ತಾನ್ಸ್. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ದೃಢತೆಯೆಂಬ ಅರ್ಥವೂ ಉಂಟು. ಆ ಅರ್ಥವನ್ನು ಸಾರ್ಥಕಪಡಿಸಿದವರು ಅದನ್ನು ಕಟ್ಟಿದ ಅರಸರಲ್ಲ, ಅದರೊಳಗೆ ಸೆರೆಯಿದ್ದ ಹೆಂಗಸರು.

1598ರ ನಾಂತ್ ಶಾಸನದಿಂದ ಫ್ರಾನ್ಸಿನ ಪ್ರಾಟೆಸ್ಟೆಂಟರಿಗೆ ದೊರೆತಿದ್ದ ಮತಸ್ವಾತಂತ್ರ್ಯವನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ಕಿತ್ತುಕೊಂಡನು. ಅಡವಿಗಳಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರಿದವರನ್ನು ಹಿಡಿದು, ಗಂಡಸರನ್ನು ರಾಜನ ನೌಕೆಗಳಲ್ಲಿ ಹುಟ್ಟುಹಾಕಲು ಕಳುಹಿಸುತ್ತಿದ್ದರು. ಹೆಂಗಸರಲ್ಲಿ ಅನೇಕರು ಈ ಗೋಪುರದ ಪಾಲಾದರು. 1730ರಲ್ಲಿ ಮರೀ ದ್ಯುರಾಂ ಎಂಬ ಹತ್ತೊಂಬತ್ತು ವರ್ಷದ ಯುವತಿಯನ್ನು ಇಲ್ಲಿಗೆ ತಂದರು. ಆಕೆಯ ಅಣ್ಣ ಪಿಯೇರ್ ಪ್ರಾಟೆಸ್ಟೆಂಟ್ ಬೋಧಕನಾಗಿದ್ದುದೇ ಆಕೆಯ ಅಪರಾಧ. ಎರಡು ವರ್ಷಗಳ ತರುವಾಯ ಅಣ್ಣನು ಸಿಕ್ಕಿಬಿದ್ದನು. ಆತನನ್ನು ಮೊಂಪೆಲಿಯೇ ನಗರದಲ್ಲಿ ಗಲ್ಲಿಗೇರಿಸಿದರು. ಆದರೂ ತಂಗಿಗೆ ಬಿಡುಗಡೆಯಾಗಲಿಲ್ಲ.

ಬಿಡುಗಡೆಯ ದಾರಿ ತೆರೆದೇ ಇತ್ತು. ‘ನನ್ನ ಮತವನ್ನು ಬಿಟ್ಟೆ’ ಎಂದೊಂದು ಮಾತು ಹೇಳಿದ್ದರೆ ಸಾಕಾಗಿತ್ತು. ಕೆಲವರು ಹೇಳಿದರು, ಹೊರಟುಹೋದರು. ಬಾಣದ ಕಿಂಡಿಗಳಿಂದ ಬೀಸುವ ಚಳಿಗಾಳಿ, ಹೊಗೆ, ಜ್ವರ, ಹಸಿವು ಇವುಗಳ ನಡುವೆ ಎಳೆಯ ಕೂಸುಗಳೊಡನೆ ದಿನ ನೂಕುತ್ತಿದ್ದ ತಾಯಂದಿರೂ ಅಲ್ಲಿದ್ದರು. ಅಂಥವರನ್ನು ಹಳಿಯುವ ಹಕ್ಕು ಯಾರಿಗಿದೆ? ಮರೀ ಮಾತ್ರ ಹೇಳಲಿಲ್ಲ. ಸಹಬಂದಿಗಳ ಪರವಾಗಿ ಬಟ್ಟೆಬರೆಗೂ ಆಹಾರಕ್ಕೂ ಯಾಚಿಸಿ ಹೊರಗಿನವರಿಗೆ ಪತ್ರ ಬರೆದಳು. ಜಿನೀವಾದಲ್ಲಿದ್ದ ಅಣ್ಣನ ಮಗಳಿಗೆ ವಾತ್ಸಲ್ಯದ ಓಲೆಗಳನ್ನು ಕಳುಹಿಸಿದಳು. ಮೇಲಂತಸ್ತಿನ ನೆಲದ ನಡುವಣ ಗುಂಡುಕಿಂಡಿಯ ಅಂಚಿನ ಕಲ್ಲಿನಲ್ಲಿ ‘ಎದುರಿಸಿ ನಿಲ್ಲುವುದು’ ಎಂಬರ್ಥದ ಒಂದೇ ಒಂದು ಪದವನ್ನು ಯಾರೋ ಒರಟಾಗಿ ಕೊರೆದಿದ್ದಾರೆ. ಕೊರೆದವಳು ಮರೀ ಎಂಬುದು ಪ್ರತೀತಿ.

ಕಡೆಗೆ ಪ್ರಾಂತದ ಅಧಿಪತಿಯಾಗಿದ್ದ ಬೋವೋ ಪ್ರಭುವು ಗೋಪುರವನ್ನು ಕಂಡು ಮರುಗಿ, ಆಸ್ಥಾನದ ಅಸಮಾಧಾನವನ್ನು ಲೆಕ್ಕಿಸದೆ ಸೆರೆಯಾಳುಗಳನ್ನು ಬಿಡಿಸಿದನು. ಮರೀ ಹೊರಬಂದುದು 1768ರ ಏಪ್ರಿಲಿನಲ್ಲಿ. ಮೂವತ್ತೆಂಟು ವರ್ಷಗಳು ಕಳೆದಿದ್ದವು. ಹತ್ತೊಂಬತ್ತರ ಹುಡುಗಿಯಾಗಿ ಒಳಹೊಕ್ಕವಳು ಐವತ್ತಾರರ ರೋಗಿಷ್ಠೆಯಾಗಿ ಹುಟ್ಟೂರಿಗೆ ಮರಳಿದಳು. ಎಂಟು ವರ್ಷಗಳ ಬಳಿಕ ಅಲ್ಲಿಯೇ ಮಡಿದಳು.

ಉಪ್ಪಿನ ಋಣ

ಬಂದರು ಕೈಬಿಟ್ಟ ಊರನ್ನು ಪೊರೆದುದು ಉಪ್ಪು. ಕಡಲ ನೀರನ್ನು ಆಗರದಿಂದ ಆಗರಕ್ಕೆ ಹಾಯಿಸಿ, ಬಿಸಿಲಿಗೂ ಮಿಸ್ತ್ರಾಲ್ ಎಂಬ ಒಣಗಾಳಿಗೂ ಒಡ್ಡುತ್ತಾರೆ. ನೀರು ಮಂದವಾದಂತೆ ಅದರಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯಿಂದಾಗಿ ಆಗರಗಳು ಗುಲಾಬಿ ಬಣ್ಣ ತಳೆಯುತ್ತವೆ. ಆ ಪಾಚಿಯನ್ನು ತಿನ್ನುವ ಕಿರುಸೀಗಡಿಗಳನ್ನು ರಾಜಹಂಸಗಳು ತಿನ್ನುತ್ತವೆ. ಅವುಗಳ ಗರಿಗೂ ಅದೇ ಬಣ್ಣ. ಬೇಸಗೆಯ ಕೊನೆಯಲ್ಲಿ ಉಪ್ಪಿನ ಕೊಯ್ಲು.

ಈ ಬೆಳ್ಳನೆಯ ರಾಶಿಗಳ ಮೇಲೂ ರಕ್ತದ ಕಲೆಯಿದೆ. 1893ರ ಆಗಸ್ಟಿನಲ್ಲಿ ಕೊಯ್ಲಿಗೆಂದು ಫ್ರೆಂಚ್ ಕೂಲಿಗಳೂ ಇಟಲಿಯ ಕೂಲಿಗಳೂ ಬಂದಿದ್ದರು. ಕೆಲಸದ ಅಳತೆಗೆ ತಕ್ಕಂತೆ ಕೂಲಿ. ನುರಿತ ಇಟಲಿಯವರ ವೇಗಕ್ಕೆ ಉಳಿದವರು ಸಮನಾಗಲಾರದೆ ಹೋದರು. ಸಣ್ಣ ಜಗಳವೊಂದು ಹೊತ್ತಿಕೊಂಡಿತು. ಇಟಲಿಯವರು ಫ್ರೆಂಚರನ್ನು ಕೊಂದರೆಂಬ ಸುಳ್ಳುಸುದ್ದಿ ಊರೆಲ್ಲ ಹಬ್ಬಿತು. 17ನೆಯ ತಾರೀಖು ಕೋಲು, ಸಲಿಕೆ, ಬಂದೂಕು ಹಿಡಿದ ಗುಂಪು, ಪೋಲೀಸರ ಕಾವಲಿನಲ್ಲಿ ಸಾಗುತ್ತಿದ್ದ ನಿರಾಯುಧರನ್ನು ಅಟ್ಟಿಸಿಕೊಂಡು ಹೊಡೆಯಿತು. ಸರ್ಕಾರದ ಲೆಕ್ಕಕ್ಕೆ ಸತ್ತವರು ಎಂಟು ಮಂದಿ. ರೊಟ್ಟಿಯಂಗಡಿಯ ಹೆಂಗಸೊಬ್ಬಳು ಓಡಿಬಂದವರಿಗೆ ಬಾಗಿಲು ತೆರೆದು ಪ್ರಾಣ ಉಳಿಸಿದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಕನ್ನಡದ ಗಾದೆ. ಆಂಗುಲೇಮ್ ನಗರದ ನ್ಯಾಯಾಲಯದಲ್ಲಿ ಅದು ಸುಳ್ಳಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಪಾದಿತರೆಲ್ಲರೂ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು.

ಇಂದು ಏಗ್‌ಮೋರ್ತಿಗೆ ಬರುವವರು ಕೋಟೆಯ ಮೇಲೆ ಸುತ್ತಿ, ಗುಲಾಬಿ ನೀರನ್ನೂ ಉಪ್ಪಿನ ಬೆಟ್ಟವನ್ನೂ ನೋಡುತ್ತಾರೆ. ಚೌಕದಲ್ಲಿ ಸಂತ ಲೂಯಿಯ ಪ್ರತಿಮೆ ನಿಂತಿದೆ. ಮರೀ ದ್ಯುರಾಂಳನ್ನು ಅರಸಿ ಬಂದವರು ಮಾತ್ರ ಗೋಪುರದ ಮೆಟ್ಟಿಲೇರಿ, ಮೇಲಂತಸ್ತಿನ ನೆಲದ ಕಡೆಗೆ ಬಾಗಿ ನೋಡಬೇಕು. ಕಲ್ಲಿನ ಮೇಲೆ ಆ ಒಂದು ಪದ ಇನ್ನೂ ಅಳಿಸಿಲ್ಲ.