ದ್ವೀಪಕ್ಕೆ ಹೊರಡೋಕೆ ಮೊದಲು ಕೊಯ್ಲು ಮುಗೀಬೇಕು

ಬೆಂಗಳೂರಲ್ಲಿ ಕೆಲಸ ಮಾಡೋ ಶಿವಮೊಗ್ಗದವರ ಫೋನ್ ತೆಗೆದು ನೋಡಿ, ಒಂದಾದ್ರೂ ದ್ವೀಪದ ರೀಲ್ ಸೇವ್ ಆಗಿರುತ್ತೆ. ಫ್ರೆಂಡ್ಸ್ ಜೊತೆ ಹೋಗೋದಾದ್ರೆ ಎರಡೇ ದಿನದಲ್ಲಿ ಪ್ಲಾನ್ ರೆಡಿ. ಅಪ್ಪ-ಅಮ್ಮನನ್ನೂ ಕರ್ಕೊಂಡು ಹೋಗೋಣ ಅಂದ್ರೆ ಮಾತ್ರ ಪ್ರತಿ ಸಲ ಅದೇ ಉತ್ತರ: "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ."

ಇದು ಬರೀ ದುಡ್ಡಿನ ಲೆಕ್ಕ ಅಲ್ಲ. ಅಂಡಮಾನ್ ನೋಡೋಕೆ ಒಳ್ಳೆ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ನಮ್ಮ ಕಡೆ ಅಡಿಕೆ ಕೊಯ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಜನವರಿವರೆಗೂ ನಡೆಯುತ್ತೆ. ಕೊನೆಗಾರ ಬರೋ ದಿನ ಅಪ್ಪ ತೋಟ ಬಿಡಲ್ಲ. ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಹಾಕಿದ ಅಡಿಕೆ ಬಿಟ್ಟು ಅಮ್ಮ ಬರಲ್ಲ. ಎಲ್ಲ ಮುಗಿದ ಮೇಲೆ, ಮೇನಲ್ಲಿ ಮಕ್ಕಳ ರಜೆಗೆ ಹೋಗೋಣ ಅಂದ್ರೆ, ಆ ತಿಂಗಳ ಮೂರನೇ ವಾರದ ಹೊತ್ತಿಗೆ ಅಂಡಮಾನ್‌ನಲ್ಲಿ ಮುಂಗಾರು ಶುರು. ತೋಟ ಚೇಣಿಗೆ ಕೊಟ್ಟವರಿಗೆ ಸ್ವಲ್ಪ ಸಲೀಸು. ಉಳಿದವರಿಗೆ ಸಿಗೋದು ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಅಷ್ಟೇ.

ಭದ್ರಾವತಿಯಲ್ಲಿ ಕಾರ್ಖಾನೆಯಿಂದ ರಿಟೈರ್ ಆದವರ ಮನೆಯಲ್ಲಿ ಕೊಯ್ಲಿನ ತಾಪತ್ರಯ ಇಲ್ಲ, ಮಂಡಿ ನೋವಿದೆ. ವರ್ಷಗಟ್ಟಲೆ ಶಿಫ್ಟ್ ಮಾಡಿದ ಕಾಲು ದೋಣಿ ಹತ್ತಿ ಇಳಿಯುತ್ತಾ ಅನ್ನೋದೇ ಅಲ್ಲಿ ಪ್ರಶ್ನೆ. ಅದಕ್ಕೆ ಉತ್ತರ ಹತ್ತಿರದಲ್ಲೇ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಘಾಟಿ ದಾಟಿ ಉಡುಪಿಗೆ ಸುಮಾರು 150 ಕಿ.ಮೀ. ಅಲ್ಲಿ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗೋ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳು ಅಲ್ಲಿವೆ. ಉಳಿಯೋಕೆ ಅವಕಾಶ ಇಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಹೋಗಿ ಬರೋಕೆ ಒಂದು ವೀಕೆಂಡ್ ಸಾಕು. ಅಮ್ಮನಿಗೆ ಅಲೆಗೆ ತಲೆ ಸುತ್ತುತ್ತಾ, ಅಪ್ಪನಿಗೆ ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಾ, ಎಲ್ಲ ಅಲ್ಲೇ ಗೊತ್ತಾಗುತ್ತೆ.

ಅದು ಸಲೀಸಾಗಿ ಆಯ್ತಾ? ಹಾಗಾದ್ರೆ ಅಂಡಮಾನ್. ಬೆಂಗಳೂರಿಂದ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ಹ್ಯಾವ್ಲಾಕ್ 2018ರಲ್ಲೇ ಸ್ವರಾಜ್ ದ್ವೀಪ ಆಯ್ತು. ಬುಕಿಂಗ್ ಮಾಡುವಾಗ ಎರಡೂ ಹೆಸರು ಕಾಣಿಸಿದ್ರೆ ಗಾಬರಿ ಬೇಡ. ಅಲ್ಲಿ ಫೆಬ್ರವರಿಯಲ್ಲೂ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ತಿರುಗಾಟ ಬೆಳಗ್ಗೆಯೇ ಮುಗಿಸಿ. ದಿನಕ್ಕೆ ಒಂದೇ ಜಾಗ ಇಟ್ಕೊಳ್ಳಿ. ಸ್ಕೂಬಾ ನಿಮಗಿರಲಿ, ಅವರಿಗೆ ಗಾಜಿನ ತಳದ ದೋಣಿ ಇದೆ, ಸೀರೆ ಉಟ್ಟೇ ಹವಳ ನೋಡಬಹುದು.

ಲಕ್ಷದ್ವೀಪ ಬೇಕು ಅನ್ನೋರು ಮೊದಲೇ ತಯಾರಾಗಿ. ನಾವು ಭಾರತೀಯರೇ ಆದ್ರೂ ಅಲ್ಲಿಗೆ ಪ್ರವೇಶ ಪರ್ಮಿಟ್ ಬೇಕು. ಹಡಗು ಹೊರಡೋದು ಕೊಚ್ಚಿಯಿಂದ. ಅಪ್ಪನ ಹತ್ರ ಒಂದು ವಿಷಯ ಹೇಳಿ ನೋಡಿ: ಅಮಿನಿ, ಕಡಮತ್ ದ್ವೀಪಗಳು 1956ರವರೆಗೂ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. "ಹೌದಾ! ಹಾಗಾದ್ರೆ ನಮ್ಮೂರೇ ಆಯ್ತಲ್ಲ" ಅಂತ ಅರ್ಧ ಒಪ್ಪಿಬಿಡ್ತಾರೆ.

ಮಂಡಿ ಮಾತ್ರ ಮುಂದಿನ ವರ್ಷಕ್ಕೆ ಕಾಯಲ್ಲ. ಆದ್ದರಿಂದ ಈ ವಾರ ಮನೆಗೆ ಫೋನ್ ಮಾಡಿದಾಗ "ಎಲ್ಲಿಗೆ ಹೋಗೋಣ" ಅಂತ ಕೇಳಬೇಡಿ. "ಕೊನೆಗಾರ ಯಾವಾಗ ಬರ್ತಾನೆ? ಬೇಯಿಸಿ ಒಣಗಿಸೋದು ಎಷ್ಟೊತ್ತಿಗೆ ಮುಗಿಯುತ್ತೆ?" ಅಂತ ಕೇಳಿ. ಆ ತಾರೀಖಿಗೆ ಹತ್ತು ದಿನ ಸೇರಿಸಿ ಆಫೀಸಲ್ಲಿ ರಜೆ ಹಾಕಿ. ಟಿಕೆಟ್ ಆದ ಮೇಲೆ ಹೇಳಿದ್ರೂ ನಡೆಯುತ್ತೆ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ಹೋಗುತ್ತೆ ಅಂದ್ರೆ ಅಮ್ಮ ಖಂಡಿತ ಹೊರಡ್ತಾರೆ.