ಹಾರಿದ್ದು ಯಾವ ನಾಣ್ಯ?
ನಾಣ್ಯದ ಕೈಚಳಕಗಳಲ್ಲಿ ನನ್ನ ಮೆಚ್ಚಿನದು ‘ಬೋಬೋ ಸ್ವಿಚ್’. ಜೆ. ಬಿ. ಬೋಬೋ ಅವರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ (1952) ಇಂದಿಗೂ ಈ ವಿದ್ಯೆಯ ಕೈಪಿಡಿ. ಬಲಗೈ ಬೆರಳತುದಿಯಲ್ಲಿ ನಿಮ್ಮ ರೂಪಾಯಿ. ಬೆರಳ ಮಡಿಕೆಯೊಳಗೆ ಇನ್ನೊಂದು. ಎಡಗೈಗೆ ಎಸೆದಾಗ ಹಾರುವುದು ಅಡಗಿದ್ದದ್ದು. ನಿಮ್ಮದನ್ನು ಹೆಬ್ಬೆರಳು ಒಳಗೆಳೆದುಕೊಳ್ಳುತ್ತದೆ, ಎಡಗೈ ಥಟ್ಟನೆ ಮುಚ್ಚುತ್ತದೆ. ಗುಟ್ಟಿರುವುದು ವೇಗದಲ್ಲಲ್ಲ, ಲಯದಲ್ಲಿ: ಮೊದಲೆರಡು ಸಲ ನಿಜವಾಗಿಯೇ ಎಸೆಯಬೇಕು, ಮೂರನೆಯದೂ ಹಾಗೆಯೇ ಕಾಣಬೇಕು.

ಈಗಿನ ಪೇಚು ಬೇರೆ. ಕೂಟದಲ್ಲಿ ನಾಣ್ಯ ಕೇಳಿದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ! ಎರವಲು ನಾಣ್ಯವಿಲ್ಲದೆ ಈ ಆಟಕ್ಕೆ ಜೀವವಿಲ್ಲ. ‘ಅದು ನನ್ನದೇ’ ಎಂಬ ನಂಬಿಕೆಯಿಂದಲೇ ಬೆರಗು. ಮುಂದಿನ ಸಲ ಜೇಬಿನಲ್ಲೊಂದು ರೂಪಾಯಿ ತನ್ನಿ. ಆಟ ಮುಗಿದ ಮೇಲೆ ನಿಮ್ಮದೇ ನಾಣ್ಯ ಮರಳಿಸುತ್ತೇನೆ. ಜಾದೂಗಾರನಿಗೂ ಜೇಬುಗಳ್ಳನಿಗೂ ಇರುವ ವ್ಯತ್ಯಾಸ ಅದೇ ತಾನೇ?