ಕೊನೆಯ ಪಂಕ್ತಿಗೂ ಹೋಳಿಗೆ ಬರಲಿ

ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವರಿಗೆ ಹೋಳಿಗೆ ಸಿಕ್ಕರೆ ಅದೃಷ್ಟ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಈ ಪಂಕ್ತಿ ತಿಂಗಳಿಗೊಮ್ಮೆ ಕೂರುತ್ತದೆ. ಪೈಲಟ್‌ಗಳು, ಗಗನಸಖಿಯರು ತಮಗೆ ಬೇಕಾದ ಟ್ರಿಪ್ಪಿಗೆ, ಬೇಕಾದ ರಜೆಗೆ ಬಿಡ್ ಹಾಕುತ್ತಾರೆ. ಕಂಪ್ಯೂಟರು ಸೀನಿಯಾರಿಟಿ ಪಟ್ಟಿಯ ಒಂದನೇ ನಂಬರಿನಿಂದ ಬಡಿಸುತ್ತ ಬರುತ್ತದೆ. ಮೂವತ್ತು ವರ್ಷ ಸರ್ವೀಸಾದವರಿಗೆ ಪ್ಯಾರಿಸ್ಸು, ಭಾನುವಾರದ ಬಿಡುವು. ಹೊಸಬರಿಗೆ ರಿಸರ್ವ್: ಫೋನು ಪಕ್ಕದಲ್ಲಿಟ್ಟುಕೊಂಡು ಕಾಯುವುದು, ಕರೆ ಬಂದರೆ ಕ್ರಿಸ್‌ಮಸ್ ದಿನವಾದರೂ ಓಡುವುದು.

ಇದನ್ನು ಕಿತ್ತೊಗೆದು ಸಾಮರ್ಥ್ಯ ನೋಡಿ ಹಂಚಿ ಎನ್ನುವವರಿದ್ದಾರೆ. ಕೇಳಲು ಚೆಂದ. ಅಳೆಯುವವರು ಯಾರು? ‘ದಣಿದಿದ್ದೇನೆ, ಇವತ್ತು ಹಾರಿಸಲಾರೆ’ ಎಂದ ಪೈಲಟನ್ನು ಮೇಲಧಿಕಾರಿ ಯಾವ ಪಟ್ಟಿಗೆ ಸೇರಿಸುತ್ತಾನೆಂದು ಬಿಡಿಸಿ ಹೇಳಬೇಕೆ? ಸೀನಿಯಾರಿಟಿ ನಂಬರು ಮೊಂಡು, ಯಾರ ಮುಖವನ್ನೂ ನೋಡುವುದಿಲ್ಲ. ಒಂದೇ ದಿನ ಸೇರಿದವರಲ್ಲಿ ಹಿರಿಯರಾರೆಂದು ತೀರ್ಮಾನಿಸಲು ಕೆಲವು ಕಂಪನಿಗಳು ಜನ್ಮದಿನಾಂಕ ನೋಡುತ್ತವೆ. ನಗು ಬರುತ್ತದೆ, ಆದರೆ ಅದನ್ನು ಸಾಹೇಬರ ಕೃಪೆಯಿಂದ ತಿದ್ದಲಾಗದು. ಸರದಿ ಇತ್ಯರ್ಥವಾಗದಿದ್ದರೆ ಏನಾಗುತ್ತದೆಂದು ನಾವೂ ಕಂಡಿದ್ದೇವೆ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದವು, ಪೈಲಟ್‌ಗಳ ಸರದಿ ಮಾತ್ರ ಇತ್ಯರ್ಥವಾಗಲಿಲ್ಲ. ಬೋಯಿಂಗ್ 787ರ ತರಬೇತಿ ಯಾರಿಗೆ ಎಂಬ ಜಗಳಕ್ಕೆ 2012ರಲ್ಲಿ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದರು.

ಹಾಗಾಗಿ ಪಟ್ಟಿ ಇರಲಿ. ನನ್ನ ತಕರಾರು ಪಟ್ಟಿಯ ಮೇಲ್ತುದಿಯಲ್ಲಿ ಕೂತು ಅದನ್ನು ದೇವರಪಟ ಮಾಡಿಕೊಂಡವರ ಜೊತೆ. ‘ನಾವೂ ರಿಸರ್ವ್ ಕೂತವರೇ, ಅವರೂ ಕೂರಲಿ’ ಎನ್ನುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯ ಕಾಲ ಬಂದೇ ಬರುತ್ತದೆಂಬ ಖಾತ್ರಿ ಎಲ್ಲಿದೆ? ಈ ನಂಬರು ಒಂದು ಕಂಪನಿಯೊಳಗೆ ಮಾತ್ರ ನಡೆಯುವ ನಾಣ್ಯ. 1991ರಲ್ಲಿ ಪ್ಯಾನ್ ಆಮ್ ಎಂಬ ವಿಮಾನ ಕಂಪನಿ ಮುಚ್ಚಿದಾಗ ಬೇರೆಡೆ ಹೊಸದಾಗಿ ಕೆಲಸ ಹಿಡಿದ ಕ್ಯಾಪ್ಟನ್ನರು ಮತ್ತೆ ಪಟ್ಟಿಯ ತಳದಿಂದಲೇ ಶುರು ಮಾಡಬೇಕಾಯಿತು. 2001ರಲ್ಲಿ ಟಿಡಬ್ಲ್ಯುಎ ಎಂಬ ಇನ್ನೊಂದು ವಿಮಾನ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ ಇನ್ನೂ ಕೆಟ್ಟದಾಯಿತು. ಟಿಡಬ್ಲ್ಯುಎಯ ಸಾವಿರಾರು ಗಗನಸಖಿಯರು, ದಶಕಗಳ ಸರ್ವೀಸಿನವರೂ, ಪಟ್ಟಿಯ ಬಾಲಕ್ಕೆ ಅಂಟಿಕೊಂಡರು. ಹಾಗೆ ಅಂಟಿಸಬೇಕೆಂದು ಪಟ್ಟು ಹಿಡಿದದ್ದು ಅಮೆರಿಕನ್ನಿನ ಗಗನಸಖಿಯರ ಸಂಘವೇ. 2003ರ ಹೊತ್ತಿಗೆ ಟಿಡಬ್ಲ್ಯುಎಯಿಂದ ಬಂದ ಗಗನಸಖಿಯರೆಲ್ಲ ಕೆಲಸದಿಂದ ಹೊರಗೆ. ಎರಡು ಪಟ್ಟಿಗಳನ್ನು ನ್ಯಾಯವಾಗಿ ಸೇರಿಸಬೇಕೆಂಬ ಕಾನೂನು ಅಮೆರಿಕದ ಸಂಸತ್ತಿನಿಂದ ಬಂದದ್ದು 2007ರಲ್ಲಿ, ಊಟ ಮುಗಿದು ಎಲೆ ಎತ್ತಿದ ಮೇಲೆ.

ಪ್ಯಾರಿಸ್ ಹಳಬರಿಗೇ ಇರಲಿ, ರಿಸರ್ವ್ ಹಂಚಿಕೆಯಾಗಲಿ. ಇದೇನು ಗಗನಕುಸುಮವಲ್ಲ. ಅದೇ ಅಮೆರಿಕನ್ನಿನ ಗಗನಸಖಿಯರಲ್ಲಿ ಮೊದಲ ವರ್ಷ ಕಳೆದವರಿಗೆ ರಿಸರ್ವ್ ತಿಂಗಳು ಸರದಿಯ ಮೇಲೆ ಬರುತ್ತದೆ. ಉಳಿದ ಸಂಘಗಳು ಮುಂದಿನ ಒಪ್ಪಂದಕ್ಕೆ ಕೂತಾಗ, ಸಂಬಳದ ಬೇಡಿಕೆಯ ಕೆಳಗೆ, ವರ್ಷಕ್ಕೊಂದು ಹಬ್ಬದ ರಿಸರ್ವ್ ಒಂದನೇ ನಂಬರಿನವರಿಗೂ ಇರಲಿ ಎಂದು ಒಂದು ಸಾಲು ಬರೆಯಲಿ.